ಮುಂಗಾರು ಮಳೆಯ ಮೂಲ ಎಲ್ಲಿ? ನೀರಿನ ಸ್ಥಿರ ಸಮಸ್ಥಾನಿಗಳು ನುಡಿಯುವ ಸಾಕ್ಷ್ಯ

ಜೂನ್ ತಿಂಗಳ ಎರಡನೆಯ ವಾರದಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಮೊದಲ ಜಡಿಮಳೆ ಹಿಡಿಯುವ ಹೊತ್ತಿಗೆ ನಮ್ಮ ಊರುಗಳಲ್ಲಿ ಮೃಗಶಿರಾ ಮಳೆ ಆರಂಭವಾಗಿರುತ್ತದೆ. ಅದೇ ಮುಂಗಾರು ದೆಹಲಿಯನ್ನು ಮುಟ್ಟುವ ವೇಳೆಗೆ ಆರಿದ್ರಾ ನಕ್ಷತ್ರ ನಡೆಯುತ್ತಿರುತ್ತದೆ. ಪುಣೆಯವರಿಗೆ ಸಹ್ಯಾದ್ರಿಯನ್ನು ದಾಟಿ ಬಂದ ತುಂತುರು ಲಭಿಸಿದರೆ, ಹೈದರಾಬಾದಿನವರು ಒಮ್ಮೆ ಪಶ್ಚಿಮದ ಕಡೆಗೂ ಒಮ್ಮೆ ಪೂರ್ವದ ಕಡೆಗೂ ನೋಡಬೇಕಾಗುತ್ತದೆ. ಚೆನ್ನೈಯವರಂತೂ ಮುಖ್ಯ ಮಳೆಗಾಗಿ ಹಿಂಗಾರಿನವರೆಗೆ ಕಾಯುತ್ತಾರೆ. ಹವಾಮಾನ ಶಾಸ್ತ್ರಜ್ಞರು 'ಬೇಸಿಗೆ ಮಾನ್ಸೂನ್' ಎಂದು ಕರೆಯುವುದು ಈ ನೈಋತ್ಯ ಮುಂಗಾರನ್ನೇ. ದೇಶದ ವಾರ್ಷಿಕ ಮಳೆಯ ಸುಮಾರು ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಈ ನಾಲ್ಕು ತಿಂಗಳುಗಳಲ್ಲಿ ಬೀಳುತ್ತದೆ. 1971ರಿಂದ 2020ರವರೆಗಿನ ದಾಖಲೆಗಳ ಪ್ರಕಾರ ಈ ಅವಧಿಯ ಅಖಿಲ ಭಾರತ ಸರಾಸರಿ ಸುಮಾರು 87 ಸೆಂಟಿಮೀಟರ್.

ಇಷ್ಟೊಂದು ನೀರು ಬರುವುದೆಲ್ಲಿಂದ? ಸಮುದ್ರದಿಂದ ಎಂಬ ಉತ್ತರವನ್ನು ಶಾಲೆಯ ಮಕ್ಕಳೂ ಕೊಡಬಲ್ಲರು. ಆದರೆ ಯಾವ ಸಮುದ್ರದಿಂದ, ಅದರ ಯಾವ ಭಾಗದಿಂದ, ಎಷ್ಟು ಪಾಲು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. 1960ರ ದಶಕದಲ್ಲಿ ಈ ಪ್ರಶ್ನೆ ನಮ್ಮ ದೇಶದ ಹವಾಮಾನ ಶಾಸ್ತ್ರಜ್ಞರ ನಡುವೆ ಒಂದು ಗಂಭೀರ ವಾದಕ್ಕೆ ಕಾರಣವಾಗಿತ್ತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪಿ. ಆರ್. ಪಿಷಾರೋಟಿಯವರು ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯ ಮಾಹಿತಿಯನ್ನು ಆಧರಿಸಿ, ಪಶ್ಚಿಮ ಕರಾವಳಿಯನ್ನು ಹಾಯ್ದು ಒಳಬರುವ ನೀರಾವಿಯಲ್ಲಿ ಅರಬ್ಬೀ ಸಮುದ್ರದ ಮೇಲ್ಮೈಯಿಂದಲೇ ಎದ್ದ ಆವಿಯ ಪಾಲು ಹಿರಿದೆಂದು 1965ರಲ್ಲಿ ಪ್ರತಿಪಾದಿಸಿದರು. ಮುಂದಿನ ಒಂದು ದಶಕದಲ್ಲಿ ಬೇರೆ ವಿಜ್ಞಾನಿಗಳು ಮಾಡಿದ ಲೆಕ್ಕಾಚಾರಗಳು ಇದಕ್ಕೆ ವಿರುದ್ಧವಾದ ಫಲಿತಾಂಶವನ್ನು ನೀಡಿದವು. ಆವಿಯ ಸಿಂಹಪಾಲು ದಕ್ಷಿಣ ಗೋಲಾರ್ಧದ ಹಿಂದೂ ಮಹಾಸಾಗರದಿಂದ ಭೂಮಧ್ಯರೇಖೆಯನ್ನು ದಾಟಿ ಬರುತ್ತದೆಂದೂ ಅರಬ್ಬೀ ಸಮುದ್ರ ಅದಕ್ಕೆ ತನ್ನ ಪಾಲನ್ನು ಸೇರಿಸುತ್ತದೆಯಷ್ಟೇ ಎಂದೂ ಅವು ಸೂಚಿಸಿದವು. ಎರಡೂ ಪಕ್ಷಗಳು ಗಾಳಿಯ ವೇಗ ಮತ್ತು ಆರ್ದ್ರತೆಯ ಅಳತೆಗಳನ್ನೇ ಅವಲಂಬಿಸಿದ್ದವು. ವಿಶಾಲವಾದ ಸಾಗರದ ಮೇಲೆ ಅಂತಹ ಅಳತೆಗಳು ಆಗ ವಿರಳವಾಗಿದ್ದುದರಿಂದ ಲೆಕ್ಕಗಳು ಹೊಂದಿಕೆಯಾಗದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದು ಕೇವಲ ವಿದ್ವಾಂಸರ ವಿವಾದವಲ್ಲ. ಅರಬ್ಬೀ ಸಮುದ್ರದ ಆವಿಯೇ ಮುಖ್ಯವಾದರೆ ಆ ಸಮುದ್ರದ ಮೇಲ್ಮೈಯ ಉಷ್ಣತೆಯಲ್ಲಿ ಆಗುವ ಏರುಪೇರು ನಮ್ಮ ಬೆಳೆಗಳ ಭವಿಷ್ಯವನ್ನು ನೇರವಾಗಿ ತಟ್ಟುತ್ತದೆ. ದಕ್ಷಿಣ ಹಿಂದೂ ಮಹಾಸಾಗರವೇ ಮುಖ್ಯವಾದರೆ ಮುನ್ಸೂಚನೆ ನೀಡುವವರು ಸಾವಿರಾರು ಕಿಲೋಮೀಟರ್ ದೂರಕ್ಕೆ ಕಣ್ಣು ಹಾಯಿಸಬೇಕು. ಒಳನಾಡಿನ ಮಳೆಯಲ್ಲಿ ಒಂದು ಗಣನೀಯ ಪಾಲು ನೆಲದಿಂದಲೇ, ಅಂದರೆ ಗದ್ದೆ, ಕೆರೆ ಮತ್ತು ಕಾಡುಗಳಿಂದ ಮರಳಿ ಮೇಲೇರಿದ ತೇವವಾಗಿದ್ದರೆ, ನೆಲವನ್ನು ನಾವು ಬಳಸುವ ರೀತಿಗೂ ಮಳೆಗೂ ನಿಕಟ ಸಂಬಂಧ ಇದೆಯೆಂದಾಯಿತು. ಆದ್ದರಿಂದ ಗಾಳಿಯ ಲೆಕ್ಕವನ್ನು ಅವಲಂಬಿಸದ, ಮಳೆಯ ನೀರಿನಲ್ಲಿಯೇ ಅಡಗಿರುವ ಒಂದು ಸ್ವತಂತ್ರ ಸಾಕ್ಷ್ಯದ ಅಗತ್ಯವಿತ್ತು. ನೀರಿನ ಸ್ಥಿರ ಸಮಸ್ಥಾನಿಗಳು ಅಂತಹ ಸಾಕ್ಷ್ಯವನ್ನು ಒದಗಿಸುತ್ತವೆ.

ಒಂದೇ ನೀರು, ಬೇರೆ ಬೇರೆ ತೂಕ

'ಐಸೋಟೋಪ್' ಎಂಬ ಪದ 1913ರಲ್ಲಿ ಬಳಕೆಗೆ ಬಂದಿತು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ 'ಒಂದೇ ಸ್ಥಾನ'. ಕನ್ನಡದ 'ಸಮಸ್ಥಾನಿ' ಎಂಬುದು ಅದರ ಯಥಾವತ್ತಾದ ರೂಪ. ವೈಜ್ಞಾನಿಕ ಪದಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಮೂಲಕ್ಕೂ ಕಿವಿಗೂ ಒಪ್ಪುವ ಪದ ದೊರಕುವುದು ಅಪರೂಪ, ಇಲ್ಲಿ ಅದು ದೊರಕಿದೆ. ಮೂಲವಸ್ತುಗಳ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕುಳಿತುಕೊಳ್ಳುವ, ಆದರೆ ತೂಕದಲ್ಲಿ ಭಿನ್ನವಾದ ಪರಮಾಣುಗಳೇ ಸಮಸ್ಥಾನಿಗಳು. ಆಮ್ಲಜನಕದ ಎಲ್ಲ ಪರಮಾಣುಗಳಲ್ಲಿಯೂ 8 ಪ್ರೋಟಾನುಗಳಿರುತ್ತವೆ. ಹೆಚ್ಚಿನವುಗಳಲ್ಲಿ ನ್ಯೂಟ್ರಾನುಗಳೂ 8. ಅಂಥವನ್ನು ಆಮ್ಲಜನಕ-16 ಎನ್ನುತ್ತೇವೆ. ಸಾವಿರಕ್ಕೆ ಸುಮಾರು ಎರಡು ಪರಮಾಣುಗಳಲ್ಲಿ ಮಾತ್ರ 10 ನ್ಯೂಟ್ರಾನುಗಳಿದ್ದು, ಅವು ಆಮ್ಲಜನಕ-18 ಎನಿಸುತ್ತವೆ. ಜಲಜನಕದಲ್ಲಿಯೂ ಹೀಗೆಯೇ ಡ್ಯೂಟೀರಿಯಂ ಎಂಬ ಭಾರವಾದ ರೂಪವಿದೆ. ಅದನ್ನು ಅಮೆರಿಕದ ಹೆರಾಲ್ಡ್ ಯೂರಿ 1931ರಲ್ಲಿ ಕಂಡುಹಿಡಿದು 1934ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಸಮುದ್ರದ ನೀರಿನಲ್ಲಿ ಹತ್ತು ಲಕ್ಷ ಜಲಜನಕ ಪರಮಾಣುಗಳಿಗೆ ಸುಮಾರು 156 ಡ್ಯೂಟೀರಿಯಂ ಪರಮಾಣುಗಳಿರುತ್ತವೆ.

ಸಮಸ್ಥಾನಿ ಎಂದೊಡನೆ ವಿಕಿರಣದ ಭಯ ಕೆಲವರಲ್ಲಿ ಮೂಡುವುದುಂಟು. ಇಲ್ಲಿ ಅದಕ್ಕೆ ಆಸ್ಪದವಿಲ್ಲ. ಆಮ್ಲಜನಕ-18 ಆಗಲಿ ಡ್ಯೂಟೀರಿಯಂ ಆಗಲಿ ವಿಕಿರಣಶೀಲವಲ್ಲ, ಕಾಲಕ್ರಮದಲ್ಲಿ ಕ್ಷಯಿಸುವುದೂ ಇಲ್ಲ. 'ಸ್ಥಿರ' ಎಂಬ ವಿಶೇಷಣದ ಅರ್ಥ ಇದೇ. ನಾವು ಕುಡಿಯುವ ಪ್ರತಿಯೊಂದು ಲೋಟ ನೀರಿನಲ್ಲಿಯೂ ಅವು ನಿಸರ್ಗದತ್ತವಾಗಿ ಇದ್ದೇ ಇರುತ್ತವೆ. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಕೇಂದ್ರದಲ್ಲಿ ಬಳಕೆಯಾಗುವ ಭಾರಜಲದಲ್ಲಿರುವುದು ಇದೇ ಡ್ಯೂಟೀರಿಯಂ. ಆದರೆ ಅಲ್ಲಿ ಅದನ್ನು ಬಹು ಶ್ರಮದಿಂದ ಬೇರ್ಪಡಿಸಿ ಸಾಂದ್ರಗೊಳಿಸಿರುತ್ತಾರೆ. ಮಳೆಯ ಅಧ್ಯಯನದಲ್ಲಿ ನಾವು ಏನನ್ನೂ ಬೆರೆಸುವುದಿಲ್ಲ, ಬೇರ್ಪಡಿಸುವುದೂ ಇಲ್ಲ. ನಿಸರ್ಗ ಮಾಡಿದ ಸೂಕ್ಷ್ಮ ವಿಂಗಡಣೆಯನ್ನು ಓದಿಕೊಳ್ಳುತ್ತೇವೆ ಅಷ್ಟೆ.

ವಿಂಗಡಣೆ ನಡೆಯುವ ಬಗೆ

ನೀರು ಆವಿಯಾಗುವಾಗ ಹಗುರವಾದ ಅಣುಗಳು ಸುಲಭವಾಗಿ ಹಾರಿಹೋಗುತ್ತವೆ, ಭಾರವಾದವು ಹಿಂದುಳಿಯುತ್ತವೆ. ಆವಿ ಮತ್ತೆ ಹನಿಗಟ್ಟುವಾಗ ಇದರ ವಿರುದ್ಧ ಕ್ರಮ ನಡೆದು, ಭಾರವಾದ ಅಣುಗಳು ಮೊದಲು ಹನಿಯನ್ನು ಸೇರುತ್ತವೆ. ವ್ಯತ್ಯಾಸ ಅತ್ಯಲ್ಪವಾದುದರಿಂದ ಅದನ್ನು ಶೇಕಡಾವಾರಿನಲ್ಲಿ ಅಲ್ಲ, ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಇದಕ್ಕೆ 'ಡೆಲ್ಟಾ ಮೌಲ್ಯ' ಎಂದು ಹೆಸರು. ಸಮುದ್ರದ ಸರಾಸರಿ ನೀರನ್ನು ಪ್ರಮಾಣವಾಗಿ ಇಟ್ಟುಕೊಂಡು ಅದಕ್ಕೆ ಸೊನ್ನೆ ಎಂಬ ಮೌಲ್ಯವನ್ನು ನೀಡಲಾಗಿದೆ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಈ ಪ್ರಮಾಣಜಲವನ್ನು ಜಗತ್ತಿನ ಪ್ರಯೋಗಾಲಯಗಳಿಗೆ ಒದಗಿಸುತ್ತ ಬಂದಿದೆ. ಭಾರವಾದ ಅಣುಗಳು ಅದಕ್ಕಿಂತ ಕಡಿಮೆ ಇದ್ದರೆ ಮೌಲ್ಯ ಋಣಾತ್ಮಕ, ಹೆಚ್ಚಿದ್ದರೆ ಧನಾತ್ಮಕ.

ಒಂದು ಸರಳ ಲೆಕ್ಕವನ್ನು ನೋಡೋಣ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರು ಮತ್ತು ಅದರ ಆವಿ ಸಮತೋಲದಲ್ಲಿದ್ದರೆ, ಆವಿಯಲ್ಲಿ ಆಮ್ಲಜನಕ-18ರ ಮೌಲ್ಯ ನೀರಿಗಿಂತ ಸಾವಿರಕ್ಕೆ ಸುಮಾರು 9ರಷ್ಟು ಕಡಿಮೆ ಇರುತ್ತದೆ. ಸಮುದ್ರದ ಮೇಲೆ ಗಾಳಿ ಬೀಸುತ್ತಿರುವುದರಿಂದ ಪೂರ್ಣ ಸಮತೋಲ ಏರ್ಪಡದೆ ಆವಿ ಇನ್ನಷ್ಟು ಹಗುರಾಗಿ, ಸುಮಾರು ಋಣ 11ರ ಆಸುಪಾಸಿಗೆ ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಈ ಆವಿಯಿಂದ ಸುರಿಯುವ ಮೊದಲ ಮಳೆ ಅದಕ್ಕಿಂತ 9ರಷ್ಟು ಮೇಲಿರುವುದರಿಂದ ಋಣ 2ರ ಸಮೀಪಕ್ಕೆ ಬರುತ್ತದೆ. ಭಾರವಾದ ಅಣುಗಳು ಹೀಗೆ ಮೊದಲೇ ಸುರಿದುಹೋದುದರಿಂದ ಉಳಿದ ಆವಿ ಮತ್ತಷ್ಟು ಹಗುರಾಗುತ್ತದೆ. ಹೊಸ ಆವಿ ಬಂದು ಸೇರದೆ ಅರ್ಧಭಾಗ ಸುರಿದುಹೋಯಿತೆಂದರೆ ಆ ಬಳಿಕದ ಮಳೆಯ ಮೌಲ್ಯ ಸುಮಾರು ಋಣ 8 ಆಗುತ್ತದೆ. ಕರಾವಳಿಯಿಂದ ಒಳನಾಡಿಗೆ ಹೋದಂತೆ ಮಳೆಯ ಮೌಲ್ಯ ಕುಗ್ಗುವುದಕ್ಕೂ, ಬೆಟ್ಟವನ್ನು ಏರಿದಂತೆ ಕುಗ್ಗುವುದಕ್ಕೂ ಇದೇ ಕಾರಣ. ಮೊದಲನೆಯದನ್ನು ಭೂಖಂಡ ಪರಿಣಾಮವೆಂದೂ ಎರಡನೆಯದನ್ನು ಎತ್ತರದ ಪರಿಣಾಮವೆಂದೂ ಕರೆಯುತ್ತಾರೆ. ಸಂತೆಗೆ ಹೊರಟ ಗಾಡಿಯಿಂದ ದಾರಿಯುದ್ದಕ್ಕೂ ಭಾರದ ಮೂಟೆಗಳನ್ನೇ ಮೊದಲು ಇಳಿಸುತ್ತ ಹೋದರೆ ಕೊನೆಯ ಊರಿನವರಿಗೆ ಹಗುರವಾದ ಮೂಟೆಗಳೇ ಉಳಿಯುತ್ತವಲ್ಲವೆ?

ಈ ವಿಷಯದ ಬಹುಭಾಗವನ್ನು ಸ್ಪಷ್ಟಪಡಿಸಿದವರು ಡೆನ್ಮಾರ್ಕಿನ ವಿಲ್ಲಿ ಡ್ಯಾನ್ಸ್‌ಗಾರ್ಡ್. 1952ರ ಜೂನ್ ತಿಂಗಳಲ್ಲಿ ಕೋಪನ್‌ಹೇಗನ್ನಿನ ತಮ್ಮ ಮನೆಯ ಅಂಗಳದಲ್ಲಿ ಒಂದು ಖಾಲಿ ಬಿಯರ್ ಸೀಸೆಗೆ ಆಲಿಕೆಯನ್ನು ಸಿಕ್ಕಿಸಿಟ್ಟು ಅವರು ಮಳೆಯ ನೀರನ್ನು ಸಂಗ್ರಹಿಸಿದರು. ಒಂದೇ ಊರಿನಲ್ಲಿ ಬೀಳುವ ಮಳೆಯ ಮೌಲ್ಯವೂ ಬದಲಾಗುತ್ತದೆಯೇ ಎಂಬುದು ಅವರ ಕುತೂಹಲವಾಗಿತ್ತು. ಬದಲಾಗುತ್ತದೆಂದು ಕಂಡುಬಂದಿತು. ಮುಂದೆ 1961ರಿಂದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ವಿಶ್ವ ಹವಾಮಾನ ಸಂಸ್ಥೆಯೂ ಜೊತೆಗೂಡಿ ಜಗತ್ತಿನಾದ್ಯಂತ ಮಳೆಯ ನೀರಿನ ಮಾದರಿಗಳನ್ನು ತಿಂಗಳುವಾರು ಸಂಗ್ರಹಿಸುವ ಜಾಲವನ್ನು ನಡೆಸತೊಡಗಿದವು. ನಮ್ಮ ದೇಶದಿಂದ ಮುಂಬಯಿ ಮತ್ತು ದೆಹಲಿಗಳು ಅದರಲ್ಲಿ ಸೇರಿದವು. ಡ್ಯಾನ್ಸ್‌ಗಾರ್ಡ್‌ರ ಸಮಗ್ರ ಪ್ರಬಂಧ 1964ರಲ್ಲಿ ಪ್ರಕಟವಾಯಿತು.

ಆವಿ ಹುಟ್ಟಿದ ಸ್ಥಳದ ಗುರುತು

ಆಮ್ಲಜನಕ-18ರ ಮೌಲ್ಯವೊಂದೇ ಮಳೆಯ ಪ್ರಯಾಣದ ಕಥೆಯನ್ನು ಹೇಳುತ್ತದೆ. ಅದರ ಜನ್ಮಸ್ಥಳವನ್ನು ತಿಳಿಯಲು ಡ್ಯೂಟೀರಿಯಂನ ಮೌಲ್ಯವೂ ಬೇಕು. 1961ರಲ್ಲಿ ಅಮೆರಿಕದ ಹಾರ್ಮನ್ ಕ್ರೇಗ್ ಅವರು ಜಗತ್ತಿನ ಮಳೆ, ನದಿ ಮತ್ತು ಹಿಮದ ನೀರಿನ ಮಾದರಿಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿದಾಗ ಅವೆಲ್ಲ ಬಹುಮಟ್ಟಿಗೆ ಒಂದೇ ಗೆರೆಯ ಮೇಲೆ ಬಿದ್ದವು. ಆಮ್ಲಜನಕದ ಮೌಲ್ಯವನ್ನು ಎಂಟರಿಂದ ಗುಣಿಸಿ ಹತ್ತನ್ನು ಕೂಡಿದರೆ ಡ್ಯೂಟೀರಿಯಂನ ಮೌಲ್ಯ ಲಭಿಸುತ್ತದೆ ಎಂಬುದೇ ಆ ಗೆರೆಯ ಸೂತ್ರ. ಮಳೆಯೊಂದರಲ್ಲಿ ಆಮ್ಲಜನಕ-18ರ ಮೌಲ್ಯ ಋಣ 2 ಇದ್ದರೆ ಡ್ಯೂಟೀರಿಯಂನ ಮೌಲ್ಯ ಋಣ 6 ಇರಬೇಕು.

ಕೊನೆಯಲ್ಲಿ ಕೂಡಿದ ಆ ಹತ್ತು ಎಂಬ ಸಂಖ್ಯೆ ಇಲ್ಲಿ ಮುಖ್ಯವಾದುದು. ಇದನ್ನು 'ಡ್ಯೂಟೀರಿಯಂ ಆಧಿಕ್ಯ' ಎನ್ನುತ್ತಾರೆ. ಇದು ಎಲ್ಲೆಡೆಯೂ ಹತ್ತೇ ಆಗಿರುವುದಿಲ್ಲ. ಒಣಗಾಳಿ ಬೀಸುವ ಸಮುದ್ರದ ಮೇಲೆ ಆವಿಯಾಗುವಿಕೆ ಧಾವಂತದಿಂದ ನಡೆಯುವುದರಿಂದ ಅಲ್ಲಿಯ ಆವಿಯಲ್ಲಿ ಆಧಿಕ್ಯ ಹೆಚ್ಚು. ತೇವಭರಿತ ಗಾಳಿಯ ಕೆಳಗಿನ ಸಮುದ್ರದ ಆವಿಯಲ್ಲಿ ಅದು ಕಡಿಮೆ. ಮಳೆಯಾಗಿ ಸುರಿಯುವಾಗ ಆಮ್ಲಜನಕ-18 ಮತ್ತು ಡ್ಯೂಟೀರಿಯಂಗಳೆರಡೂ ಸರಿಸುಮಾರು ಒಂದಕ್ಕೆ ಎಂಟರ ಪ್ರಮಾಣದಲ್ಲಿಯೇ ಬದಲಾಗುವುದರಿಂದ, ಆವಿ ಹುಟ್ಟಿದ ಸ್ಥಳದ ಆರ್ದ್ರತೆಯ ಈ ಗುರುತು ದೂರಪ್ರಯಾಣದ ನಂತರವೂ ಬಹುಮಟ್ಟಿಗೆ ಅಳಿಯದೆ ಉಳಿಯುತ್ತದೆ. ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿಯ ಮಳೆಯಲ್ಲಿ ಆಧಿಕ್ಯ ಸುಮಾರು 22ರಷ್ಟಿದೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ವಾಯುಕ್ಷೋಭೆಗಳು ಕಾಶ್ಮೀರ ಮತ್ತು ಹಿಮಾಚಲಗಳಲ್ಲಿ ಸುರಿಸುವ ಹಿಮದಲ್ಲಿಯೂ ಆಧಿಕ್ಯ ಮುಂಗಾರಿನ ಮಳೆಗಿಂತ ಹೆಚ್ಚಾಗಿರುವುದು ಕಂಡುಬಂದಿದೆ. ಬೇಸಿಗೆಯಲ್ಲಿ ಆ ಕಣಿವೆಗಳ ತೊರೆಗಳಲ್ಲಿ ಹರಿಯುವ ನೀರು ಚಳಿಗಾಲದ ಹಿಮದ್ದೇ ಅಥವಾ ಮುಂಗಾರಿನದೇ ಎಂಬುದನ್ನು ಈ ಗುರುತಿನಿಂದ ವಿವೇಚಿಸಬಹುದು.

ಎರಡು ಸಮುದ್ರಗಳು, ಎರಡು ಬಗೆಯ ಮಳೆ

ಇನ್ನು ನಮ್ಮ ಮುಂಗಾರಿನ ವಿಷಯಕ್ಕೆ ಬರೋಣ. ಪರ್ಯಾಯ ದ್ವೀಪದ ತುದಿಯಲ್ಲಿ ಮುಂಗಾರು ಎರಡು ಶಾಖೆಗಳಾಗಿ ಕವಲೊಡೆಯುತ್ತದೆ. ಒಂದು ಶಾಖೆ ಅರಬ್ಬೀ ಸಮುದ್ರದಿಂದ ನೇರವಾಗಿ ಸಹ್ಯಾದ್ರಿಗೆ ಅಪ್ಪಳಿಸುತ್ತದೆ. ಇನ್ನೊಂದು ಬಂಗಾಳ ಕೊಲ್ಲಿಯನ್ನು ಹಾಯ್ದು ಗಂಗಾ ಬಯಲನ್ನು ಪೂರ್ವದಿಂದ ಪ್ರವೇಶಿಸುತ್ತದೆ. ಈ ಎರಡು ಸಮುದ್ರಗಳು ಅಕ್ಕಪಕ್ಕದಲ್ಲಿದ್ದರೂ ಸ್ವಭಾವದಲ್ಲಿ ಭಿನ್ನ. ಅರಬ್ಬೀ ಸಮುದ್ರದಲ್ಲಿ ಆವಿಯಾಗುವಿಕೆ ಹೆಚ್ಚು, ಬಂದು ಸೇರುವ ನದಿಗಳ ನೀರು ಕಡಿಮೆ. ಆದುದರಿಂದ ಅದರ ಮೇಲ್ಮೈ ನೀರು ಹೆಚ್ಚು ಉಪ್ಪಾಗಿದ್ದು ಆಮ್ಲಜನಕ-18ರ ಮೌಲ್ಯ ಸೊನ್ನೆಗಿಂತ ತುಸು ಮೇಲಿರುತ್ತದೆ. ಬಂಗಾಳ ಕೊಲ್ಲಿಯ ಉತ್ತರ ಭಾಗಕ್ಕಾದರೋ ಗಂಗಾ ಮತ್ತು ಬ್ರಹ್ಮಪುತ್ರ ನದಿಗಳು ಹಿಮಾಲಯದ ಹಿಮದ ಹಾಗೂ ಎತ್ತರದ ಮಳೆಯ ಹಗುರ ನೀರನ್ನು ಅಪಾರ ಪ್ರಮಾಣದಲ್ಲಿ ತಂದು ಸುರಿಯುತ್ತವೆ. ಮಳೆಗಾಲ ಮುಂದುವರಿದಂತೆ ಅಲ್ಲಿಯ ಮೇಲ್ಮೈ ನೀರಿನ ಉಪ್ಪು ಇಳಿಯುತ್ತದೆ, ಮೌಲ್ಯವೂ ಸೊನ್ನೆಗಿಂತ ಕೆಳಗಿಳಿಯುತ್ತದೆ. ಜೊತೆಗೆ ಕೊಲ್ಲಿಯ ಮೇಲೆ ವಾಯುಭಾರ ಕುಸಿತಗಳು ಹುಟ್ಟಿ, ದಟ್ಟವಾದ ಮೋಡಗಳ ಸಮೂಹಗಳು ದಿನಗಟ್ಟಲೆ ಸಮುದ್ರದ ಮೇಲೆಯೇ ಮಳೆ ಸುರಿಸುತ್ತವೆ. ಹೀಗೆ ಭಾರವನ್ನು ಇಳಿಸಿಕೊಂಡ ಬಳಿಕವೇ ಅಲ್ಲಿಯ ಆವಿ ನಮ್ಮ ನೆಲವನ್ನು ಮುಟ್ಟುತ್ತದೆ.

ಇದರ ಪರಿಣಾಮ ಮಾದರಿಗಳಲ್ಲಿ ನಿಚ್ಚಳವಾಗಿ ಕಾಣುತ್ತದೆ. ಮುಂಬಯಿಯ ಮುಂಗಾರು ಮಳೆಯ ಸರಾಸರಿ ಮೌಲ್ಯ ಋಣ 1 ಮತ್ತು ಋಣ 2ರ ನಡುವೆ ಇದೆ. ಮೇಲಿನ ಲೆಕ್ಕದಲ್ಲಿ 'ಮೊದಲ ಮಳೆ'ಗೆ ಬಂದ ಸಂಖ್ಯೆಯೂ ಹೆಚ್ಚು ಕಡಿಮೆ ಇದೇ. ಅರ್ಥಾತ್ ಮುಂಬಯಿಯ ಜನ ಅರಬ್ಬೀ ಸಮುದ್ರದ ಆವಿಯನ್ನು ಅದರ ತಾಜಾ ಸ್ಥಿತಿಯಲ್ಲಿಯೇ ಪಡೆಯುತ್ತಾರೆ. ದೆಹಲಿಯಲ್ಲಿ ಸರಾಸರಿ ಮೌಲ್ಯ ಋಣ 5ರಿಂದ ಋಣ 6ರ ಆಸುಪಾಸಿನಲ್ಲಿದೆ. ಅಲ್ಲಿಗೆ ಬರುವ ಆವಿಯ ಹೆಚ್ಚಿನ ಪಾಲು ಬಂಗಾಳ ಕೊಲ್ಲಿಯಿಂದ ಹೊರಟು ದಾರಿಯುದ್ದಕ್ಕೂ ಸುರಿಯುತ್ತ ಬಂದುದು. ಆದರೆ ದೆಹಲಿಗೆ ಒಮ್ಮೊಮ್ಮೆ ಅರಬ್ಬೀ ಸಮುದ್ರದ ಕಡೆಯಿಂದಲೂ ಗಾಳಿ ಬರುವುದುಂಟು. ಆದ್ದರಿಂದ ಒಂದು ತಿಂಗಳ ಸರಾಸರಿಗಿಂತ ಒಂದೊಂದು ದಿನದ ಮಳೆಯ ಮಾದರಿ ಹೆಚ್ಚು ತಿಳಿವಳಿಕೆಯನ್ನು ನೀಡುತ್ತದೆ.

ಹೈದರಾಬಾದು, ಕಲಬುರಗಿ, ರಾಯಚೂರುಗಳಂತಹ ಪರ್ಯಾಯ ದ್ವೀಪದ ನಡುನಾಡು ಎರಡೂ ಶಾಖೆಗಳು ಸಂಧಿಸುವ ವಲಯ. ಒಂದೊಂದು ಮಳೆಯನ್ನೂ ಹಿಡಿದು ಅಳೆಯುವುದಕ್ಕಿಂತ ಇಲ್ಲಿ ಅಂತರ್ಜಲವನ್ನು ಪರೀಕ್ಷಿಸುವುದು ಅನುಕೂಲ. ಏಕೆಂದರೆ ಬಾವಿಯ ನೀರು ಹಲವು ವರ್ಷಗಳ ಮಳೆಯನ್ನು ತನ್ನಷ್ಟಕ್ಕೆ ಸರಾಸರಿ ಮಾಡಿಟ್ಟುಕೊಂಡಿರುತ್ತದೆ. ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಮಧ್ಯ ಪರ್ಯಾಯ ದ್ವೀಪದ ಅಂತರ್ಜಲವನ್ನು ಪರೀಕ್ಷಿಸಿ, ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಯ ಶಾಖೆಗಳೆರಡರ ಪ್ರಭಾವವನ್ನೂ ಅದರಲ್ಲಿ ಗುರುತಿಸಬಹುದೆಂದು 2005ರಲ್ಲಿ ವರದಿ ಮಾಡಿದರು. ಹಿಂಗಾರಿನ ಮಳೆಯಂತೂ ಮತ್ತಷ್ಟು ಹಗುರ. ಕೇರಳದಲ್ಲಿ ನೈಋತ್ಯ ಮುಂಗಾರಿನ ಮಳೆಗೂ ಈಶಾನ್ಯ ಹಿಂಗಾರಿನ ಮಳೆಗೂ ಸ್ಪಷ್ಟವಾದ ಅಂತರವಿರುವುದನ್ನು 2010ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಜೂನ್‌ನಲ್ಲಿಯೂ ಅಕ್ಟೋಬರ್‌ನಲ್ಲಿಯೂ ಮಳೆ ಪಡೆಯುವ ಊರಿನಲ್ಲಿ ಕೊಳವೆಬಾವಿಯನ್ನು ತುಂಬುತ್ತಿರುವುದು ಯಾವ ಮಳೆ ಎಂಬ ಪ್ರಶ್ನೆಗೆ ಈ ಅಂತರವೇ ಕೀಲಿಕೈ. ಇಂಗುಗುಂಡಿಗಳನ್ನೂ ಚೆಕ್‌ಡ್ಯಾಂಗಳನ್ನೂ ಯಾವ ತಿಂಗಳ ನೀರಿಗಾಗಿ ಸಿದ್ಧವಾಗಿಡಬೇಕೆಂಬುದು ಅದರಿಂದ ನಿಶ್ಚಯವಾಗುತ್ತದೆ.

ನೆಲದಿಂದ ಮರಳುವ ಮಳೆ

ಗಂಗಾ ಬಯಲಿನ ವಿಚಾರದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕೊಲ್ಲಿಯಿಂದ ಹೊರಟ ಆವಿ ಕೋಲ್ಕತ್ತಾದಿಂದ ದೆಹಲಿಯವರೆಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಮಳೆ ಸುರಿಸುತ್ತಲೇ ಬರುತ್ತದೆ. ಹೊಸ ಆವಿ ಎಲ್ಲಿಯೂ ಸೇರದೆ ಇದ್ದಿದ್ದರೆ ದೆಹಲಿಯ ಮಳೆ ಈಗಿರುವುದಕ್ಕಿಂತ ಬಹಳ ಹಗುರಾಗಿರಬೇಕಿತ್ತು. ಹಾಗಿಲ್ಲದಿರುವುದರಿಂದ ದಾರಿಯಲ್ಲಿ ನೆಲದಿಂದ ತೇವ ಬಂದು ಸೇರುತ್ತಿದೆ ಎಂದು ಊಹಿಸಬೇಕಾಗುತ್ತದೆ. ಈ ದಾರಿಯ ಆಳವಲ್ಲದ ಅಂತರ್ಜಲದ ಮಾದರಿಗಳನ್ನು ಆಧರಿಸಿ ಮುಂಗಾರಿನಲ್ಲಿ ಬಾಷ್ಪವಿಸರ್ಜನೆಯ ಪಾತ್ರವನ್ನು ಅಂದಾಜು ಮಾಡುವ ಪ್ರಯತ್ನ 1991ರಷ್ಟು ಹಿಂದೆಯೇ ನಡೆಯಿತು. ಅಮೆಜಾನ್ ನದಿಯ ಮಹಾರಣ್ಯದಲ್ಲಿ ಇಂತಹುದೇ ಫಲಿತಾಂಶ 1979ರಲ್ಲಿ ದೊರೆತಿತ್ತು.

ನೆಲದಿಂದ ಮೇಲೇರುವ ತೇವದಲ್ಲಿಯೂ ಎರಡು ಬಗೆ. ಗಿಡಮರಗಳು ಬೇರಿನಿಂದ ಹೀರಿ ಎಲೆಗಳ ಮೂಲಕ ಹೊರಬಿಡುವ ನೀರಿನಲ್ಲಿ ದಿನದ ಒಟ್ಟು ಲೆಕ್ಕ ಹಿಡಿದರೆ ಹೆಚ್ಚು ವಿಂಗಡಣೆ ನಡೆಯುವುದಿಲ್ಲ, ಹೀರಿದ ನೀರು ಬಹುಮಟ್ಟಿಗೆ ಇದ್ದಂತೆಯೇ ಹೊರಬರುತ್ತದೆ. ಕೆರೆ, ಕಾಲುವೆ, ತೆರೆದ ಗದ್ದೆಗಳಿಂದ ನೇರವಾಗಿ ಆವಿಯಾಗುವ ನೀರಿನಲ್ಲಿ ವಿಂಗಡಣೆ ಪ್ರಬಲವಾಗಿದ್ದು ಆ ಆವಿಯ ಡ್ಯೂಟೀರಿಯಂ ಆಧಿಕ್ಯ ಹೆಚ್ಚಾಗಿರುತ್ತದೆ. ಒಳನಾಡಿನ ಮಳೆಯಲ್ಲಿ ಆಧಿಕ್ಯ ಏರಿದ್ದರೆ ಎರಡನೆಯ ಬಗೆಯ ತೇವ ಬೆರೆತಿದೆಯೆಂಬ ಸೂಚನೆ. ಲಕ್ಷಾಂತರ ಹೆಕ್ಟೇರುಗಳ ಕಾಲುವೆ ನೀರಾವರಿಯೂ ಕಾಡಿನ ನಾಶವೂ ಮಳೆಯ ಮೇಲೆ ಬೀರುವ ಪ್ರಭಾವವನ್ನು ಊಹೆಯಿಂದ ಬಿಡಿಸಿ ಅಳತೆಗೆ ತರುವುದಕ್ಕೆ ಇದೊಂದು ದಾರಿ.

ತಲೆಕೆಳಗಾದ ನಿಯಮ

ಮಳೆ ಜೋರಾದಷ್ಟೂ ಅದರ ಮೌಲ್ಯ ಕುಗ್ಗುತ್ತದೆ ಎಂಬುದು ಉಷ್ಣವಲಯದಲ್ಲಿ ಬಹುಕಾಲದಿಂದ ಒಪ್ಪಿಕೊಂಡುಬಂದ ನಿಯಮ. ತುಂತುರು ಹನಿಗಳು ಬೀಳುವಾಗ ಒಣಗಾಳಿಯಲ್ಲಿ ಭಾಗಶಃ ಆವಿಯಾಗಿ ಭಾರವಾಗುತ್ತವೆ. ಧಾರಾಕಾರ ಮಳೆಯಲ್ಲಿ ಹಾಗಾಗುವುದಿಲ್ಲ, ಮೋಡದ ಆವಿಯೂ ಬೇಗನೆ ಹಗುರಾಗುತ್ತದೆ. ಆದರೆ ಸಹ್ಯಾದ್ರಿಯ ಮಳೆ ಈ ನಿಯಮಕ್ಕೆ ಮಣಿಯಲಿಲ್ಲ. ಭೌತವಿಜ್ಞಾನ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳೂ ಕರ್ನಾಟಕದ ಅವರ ಸಹೋದ್ಯೋಗಿಗಳೂ 2007ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಇಲ್ಲಿ ಮಳೆ ಹೆಚ್ಚಿದಾಗ ಮೌಲ್ಯವೂ ಹೆಚ್ಚುತ್ತಿತ್ತು. ಸಮುದ್ರದಿಂದ ಹೊಸ ಆವಿ ಎಡೆಬಿಡದೆ ಬಂದು ಘಟ್ಟಕ್ಕೆ ಬಡಿಯುವ ಸ್ಥಳದಲ್ಲಿ, ಮುಚ್ಚಿದ ಪಾತ್ರೆಯೊಳಗಿನ ಆವಿಯ ಲೆಕ್ಕ ಹೊಂದದೆ ಹೋಗುವುದು ಅಸಹಜವೇನಲ್ಲ. 2014ರಲ್ಲಿ ಕೇರಳದ ಮಳೆಯನ್ನು ಕುರಿತ ಇನ್ನೊಂದು ಅಧ್ಯಯನ, ಮೌಲ್ಯದ ಕುಸಿತಕ್ಕೆ ಆ ಸ್ಥಳದಲ್ಲಿ ಬಿದ್ದ ಮಳೆಯ ಪ್ರಮಾಣವಲ್ಲ, ವಿಶಾಲ ಪ್ರದೇಶದ ಮೇಲೆ ಸಂಘಟಿತವಾಗಿ ಎದ್ದ ಮೋಡಗಳ ಸಮೂಹವೇ ಕಾರಣವೆಂದು ತೋರಿಸಿತು. ಮಳೆಮಾಪಕವೊಂದನ್ನೇ ನೋಡುತ್ತ ಕುಳಿತವರಿಗೆ ಮಳೆಯ ಪೂರ್ವವೃತ್ತಾಂತ ತಿಳಿಯುವುದಿಲ್ಲ.

ಹಾಗಾದರೆ ಪಿಷಾರೋಟಿಯವರು ಎತ್ತಿದ ಪ್ರಶ್ನೆಗೆ ಸಮಸ್ಥಾನಿಗಳು ಉತ್ತರ ನೀಡಿದವೇ? ಪೂರ್ಣವಾಗಿ ನೀಡಿಲ್ಲವೆಂದೇ ಹೇಳಬೇಕು. ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳ ಆವಿಯನ್ನು ಬೇರೆ ಬೇರೆಯಾಗಿ ಗುರುತಿಸುವುದು ಸಾಧ್ಯವಾಗಿದೆ. ಅರಬ್ಬೀ ಸಮುದ್ರದ ಆವಿಯನ್ನು ದಕ್ಷಿಣ ಹಿಂದೂ ಮಹಾಸಾಗರದ ಆವಿಯಿಂದ ಬೇರ್ಪಡಿಸುವುದು ಕಠಿಣ. ಎರಡೂ ಕಡೆ ಸಮುದ್ರದ ನೀರಿನ ಮೌಲ್ಯಗಳಲ್ಲಿ ದೊಡ್ಡ ಅಂತರವಿಲ್ಲ. ದಕ್ಷಿಣದಿಂದ ಬಂದ ಆವಿ ಅರಬ್ಬೀ ಸಮುದ್ರವನ್ನು ಹಾಯುವಾಗ ಅಲ್ಲಿಯ ಆವಿಯೊಡನೆ ಬೆರೆತು ತನ್ನ ಹಳೆಯ ಗುರುತನ್ನು ಭಾಗಶಃ ಕಳೆದುಕೊಳ್ಳುತ್ತದೆ. ಆದ್ದರಿಂದ ಇಂದಿನ ವಿಜ್ಞಾನಿಗಳು ಗಾಳಿ ಬಂದ ದಾರಿಯನ್ನು ಗಣಕಯಂತ್ರದ ನೆರವಿನಿಂದ ದಿನದಿನವೂ ಹಿಮ್ಮುಖವಾಗಿ ಗುರುತಿಸಿ, ಆ ಪಥದೊಡನೆ ಮಾದರಿಯ ಮೌಲ್ಯವನ್ನು ಇಟ್ಟು ನೋಡುತ್ತಾರೆ. ಒಂದರ ಲೋಪವನ್ನು ಇನ್ನೊಂದು ತಿದ್ದುತ್ತದೆ. ಹವಾಮಾನದ ಗಣಿತ ಮಾದರಿಗಳಲ್ಲಿಯೂ ಸಮಸ್ಥಾನಿಗಳನ್ನು ಅಳವಡಿಸಲಾಗುತ್ತಿದೆ. ಮಳೆಯ ಪ್ರಮಾಣವನ್ನು ಸರಿಯಾಗಿ ಹೇಳಿಯೂ ಅದರ ಸಮಸ್ಥಾನಿ ಮೌಲ್ಯವನ್ನು ತಪ್ಪಾಗಿ ಹೇಳುವ ಮಾದರಿಯೊಂದು ತಪ್ಪು ಕಾರಣಗಳಿಂದ ಸರಿಯುತ್ತರ ಪಡೆದಿದೆಯೆಂದೇ ಸಂಶಯಪಡಬೇಕಾಗುತ್ತದೆ.

ಮಾದರಿ ಸಂಗ್ರಹ ಮತ್ತು ಅಳತೆ

ನಮ್ಮಂತಹ ವಿಶಾಲ ದೇಶಕ್ಕೆ ಮುಂಬಯಿ ಮತ್ತು ದೆಹಲಿಗಳ ಎರಡು ದಾಖಲೆಗಳು ಸಾಲುವುದಿಲ್ಲವೆಂಬುದು ಸ್ಪಷ್ಟ. ಈ ಕೊರತೆಯನ್ನು ನೀಗಿಸಲು 2008ರ ಸುಮಾರಿಗೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದೊಡನೆ, ಭೌತವಿಜ್ಞಾನ ಸಂಶೋಧನಾ ಪ್ರಯೋಗಾಲಯದ ನೇತೃತ್ವದಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಭಾರತದ ನೀರುಗಳ ಸಮಸ್ಥಾನಿ ಗುರುತನ್ನು ದಾಖಲಿಸುವುದು ಅದರ ಉದ್ದೇಶವಾಗಿತ್ತು. ಹಲವು ಕೇಂದ್ರ ಸಂಸ್ಥೆಗಳೂ ವಿಶ್ವವಿದ್ಯಾನಿಲಯಗಳೂ ಅದರಲ್ಲಿ ಪಾಲ್ಗೊಂಡು ಮಳೆ, ನ‌ದಿ, ಅಂತರ್ಜಲ ಮತ್ತು ಸಮುದ್ರದ ನೀರನ್ನು ಸಂಗ್ರಹಿಸಿದವು. ಹಡಗುಗಳ ಮೇಲಿನಿಂದ ಬಂಗಾಳ ಕೊಲ್ಲಿಯ ಗಾಳಿಯಲ್ಲಿರುವ ಆವಿಯನ್ನೇ ಹಿಡಿದು ಪರೀಕ್ಷಿಸುವ ಕೆಲಸವೂ ನಂತರ ನಡೆದಿದೆ.

ಮಾದರಿಯ ಸಂಗ್ರಹ ನೋಡುವುದಕ್ಕೆ ಸರಳ. ಒಂದು ಆಲಿಕೆ, ಒಂದು ಸೀಸೆ. ಆದರೆ ಎಚ್ಚರ ತಪ್ಪಿದರೆ ಇಡೀ ವರ್ಷದ ಶ್ರಮ ವ್ಯರ್ಥ. ಸೀಸೆಯಲ್ಲಿ ಬಿದ್ದ ನೀರು ಬಿಸಿಲಿಗೆ ಸ್ವಲ್ಪ ಆವಿಯಾದರೂ ಉಳಿದ ನೀರು ಭಾರವಾಗಿ, ಡ್ಯೂಟೀರಿಯಂ ಆಧಿಕ್ಯ ಕುಸಿದು, ಇಲ್ಲದ ಸಮುದ್ರವೊಂದರ ಸುಳ್ಳು ಕಥೆಯನ್ನು ಅದು ಹೇಳತೊಡಗುತ್ತದೆ. ಆದ್ದರಿಂದ ನೀರಿನ ಮೇಲೆ ಖನಿಜ ತೈಲದ ಒಂದು ಪದರವನ್ನು ನಿಲ್ಲಿಸುವುದೋ, ಆಲಿಕೆಯ ಕೊಳವೆಯನ್ನು ಸೀಸೆಯ ತಳದವರೆಗೆ ಇಳಿಬಿಡುವುದೋ ರೂಢಿ. ಪ್ರಯೋಗಾಲಯಕ್ಕೆ ಕಳುಹಿಸುವ ಸೀಸೆಯನ್ನು ಗಾಳಿಗೆ ಎಡೆಯಿಲ್ಲದಂತೆ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ. ಅಲ್ಲಿ ದ್ರವ್ಯರಾಶಿ ರೋಹಿತಮಾಪಕವೆಂಬ ಉಪಕರಣ ಅಯಸ್ಕಾಂತದ ಬಲದಿಂದ ಭಾರದ ಮತ್ತು ಹಗುರದ ಅಯಾನುಗಳನ್ನು ಬೇರೆ ಬೇರೆ ದಾರಿಗೆ ತಿರುಗಿಸಿ ಎಣಿಸುತ್ತದೆ. ಇತ್ತೀಚೆಗೆ ಲೇಸರ್ ಕಿರಣಗಳ ಹೀರಿಕೆಯನ್ನು ಅಳೆಯುವ ಚಿಕ್ಕ ಉಪಕರಣಗಳು ಬಂದಿರುವುದರಿಂದ ಕೆಲಸ ಹಗುರವಾಗಿದೆ. ಆಮ್ಲಜನಕದ ಮೌಲ್ಯವನ್ನು ಸಾವಿರಕ್ಕೆ 0.1ರಷ್ಟು ನಿಖರತೆಯಿಂದ ಪಡೆಯುವುದು ಈಗ ವಾಡಿಕೆಯ ಮಾತು.

ಇಂದಿನ ಮಳೆಯ ಈ ಓದು ಹಿಂದಿನ ಕಾಲದ ಮಳೆಯ ಲೆಕ್ಕಕ್ಕೂ ತಳಹದಿಯಾಗಿದೆ. ಉತ್ತರ ಕನ್ನಡ ಜಿಲ್ಲೆಯ ಅಕಳಗವಿಯಲ್ಲಿ ತೊಟ್ಟಿಕ್ಕುವ ನೀರಿನಿಂದ ಪದರ ಪದರವಾಗಿ ಬೆಳೆದ ಸುಣ್ಣದ ಕಂಬವೊಂದನ್ನು ವಿಜ್ಞಾನಿಗಳು ಪರೀಕ್ಷಿಸಿ, ಅದರ ಆಮ್ಲಜನಕದ ಮೌಲ್ಯಗಳಿಂದ 331 ವರ್ಷಗಳ ಮುಂಗಾರಿನ ಏರಿಳಿತವನ್ನು ಪುನಾರಚಿಸಿ 2004ರಲ್ಲಿ ಪ್ರಕಟಿಸಿದರು. ಮಳೆಮಾಪಕಗಳೇ ಇರದ ಕಾಲದ ಬರ ಮತ್ತು ಅತಿವೃಷ್ಟಿಗಳ ಸುಳಿವು ಹೀಗೆ ಕಲ್ಲಿನಲ್ಲಿ ಉಳಿದುಬಂದಿದೆ. ಆದರೆ ಮಳೆ ಹೆಚ್ಚಿದಾಗ ಮೌಲ್ಯ ಕುಗ್ಗುತ್ತದೆಂದು ಓದಬೇಕೇ, ಹೆಚ್ಚುತ್ತದೆಂದು ಓದಬೇಕೇ ಎಂಬುದು ಆ ಸ್ಥಳದ ಮಳೆಯನ್ನು ಅವಲಂಬಿಸಿದೆ. 2007ರ ಸಹ್ಯಾದ್ರಿಯ ಫಲಿತಾಂಶದ ಬಳಿಕ ಈ ಪ್ರಶ್ನೆಯನ್ನು ಬದಿಗಿರಿಸಲಾಗದು. ಘಟ್ಟದ ಮೇಲೆ ಬೀಳುವ ಮಳೆಯನ್ನು ದಿನಕ್ಕೊಂದು ಸೀಸೆಯಂತೆ ಹಲವು ವರ್ಷ ಸಂಗ್ರಹಿಸಿದ ಮೇಲೆಯೇ ಗವಿಯ ಆ ದಾಖಲೆಯನ್ನು ಇನ್ನಷ್ಟು ಭರವಸೆಯಿಂದ ಓದಲು ಸಾಧ್ಯ.